ಇಮ್ಮಡಿ ಬೂತುಗ: ಆನೆಯ ಬೆನ್ನೇ ರಣರಂಗವಾದಾಗ

ಪುರಿಗೆರೆ ಮುನ್ನೂರು (ಇಂದಿನ ಲಕ್ಷ್ಮೇಶ್ವರದ ನಾಡು) ಹಾಗೂ ಗದಗ ಪರಿಸರವನ್ನೊಳಗೊಂಡ ಬೆಳ್ವೊಲ ಮುನ್ನೂರು ಗಂಗರ ಕೈಸೇರಿದ್ದು ಇಮ್ಮಡಿ ಬೂತುಗನ ಕಾಲದಲ್ಲಿ. ಸೋದರ ರಾಚಮಲ್ಲನನ್ನು ಕೊಂದು ಕ್ರಿ.ಶ. 938ರ ಸುಮಾರಿಗೆ ಪಟ್ಟವೇರಿದ ಇವನಿಗೆ ರಾಷ್ಟ್ರಕೂಟರ ಬೆಂಬಲವಿತ್ತು. ಮುಮ್ಮಡಿ ಕೃಷ್ಣನ ಸೋದರಿ ರೇವಕನಿಮ್ಮಡಿ ಇವನ ಮಡದಿ.

949ರಲ್ಲಿ ತಕ್ಕೋಲದಲ್ಲಿ ಚೋಳರೊಡನೆ ಯುದ್ಧವಾಯಿತು. ಚೋಳ ರಾಜಕುಮಾರ ರಾಜಾದಿತ್ಯ ಆನೆಯ ಮೇಲೆಯೇ ಮಡಿದನೆಂಬಲ್ಲಿ ಎರಡೂ ಪಕ್ಷದ ಶಾಸನಗಳಿಗೆ ಭಿನ್ನಮತವಿಲ್ಲ. ಕೊಂದವರಾರು ಎಂಬಲ್ಲಿದೆ ತೊಡಕು. ಚೋಳರ ತಾಮ್ರಪಟಗಳು ಅದನ್ನು ಕೃಷ್ಣನ ಬಾಣಗಳಿಗೆ ಸಲ್ಲಿಸಿದರೆ, ಮಂಡ್ಯ ಜಿಲ್ಲೆಯ ಆತಕೂರು ಶಾಸನ ಬೂತುಗನ ಸುರಿಗೆಗೆ ಸಲ್ಲಿಸುತ್ತದೆ. ಅಲ್ಲಿಯ ‘ಬಿಸುಗೆ’ ಎಂಬ ಪದವನ್ನು ಅಪ್ಪುಗೆಯೆಂದು ತಿಳಿದು ಬೂತುಗನಿಗೆ ವಂಚನೆಯ ಕಳಂಕ ಹಚ್ಚಿದವರುಂಟು. ಆನೆಯ ಮೇಲಣ ಪೀಠವೆಂಬ ಅರ್ಥ ಸ್ಪಷ್ಟವಾದ ಮೇಲೆ ಆ ಆರೋಪ ನಿಲ್ಲುವುದಿಲ್ಲ. ಅರಸನು ಸೇನೆಗೆಲ್ಲ ಕಾಣುವಂತೆ ಎತ್ತರದಲ್ಲಿರುವುದು ಆನೆಯೇರುವುದರ ಲಾಭ. ಶತ್ರುವಿನ ಕಣ್ಣಿಗೂ ಅವನೇ ಮೊದಲು ಬೀಳುವುದು ಅದರ ಅಪಾಯ. ಆನೆಯನ್ನೇ ಲಾಂಛನವಾಗಿಸಿಕೊಂಡಿದ್ದ, ಪೂರ್ವಜ ಶ್ರೀಪುರುಷ ಗಜಶಾಸ್ತ್ರವನ್ನೇ ರಚಿಸಿದ್ದ ವಂಶದವನಿಗೆ ಇದು ಹೊಸ ಪಾಠವಲ್ಲ. (ಇದೇ ಶಾಸನದಲ್ಲಿ ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೂ ಸ್ಥಾನವಿದೆ.)

ಆತಕೂರು ಶಾಸನದಂತೆ ಬನವಾಸಿ, ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳು ಈ ಪರಾಕ್ರಮಕ್ಕೆ ಸಂದ ಬಹುಮಾನ. 975ರ ಹೆಬ್ಬಾಳ ಶಾಸನವಾದರೋ ಪುರಿಗೆರೆ, ಬೆಳ್ವೊಲಗಳನ್ನು ರೇವಕನಿಮ್ಮಡಿಯ ಮದುವೆಯ ಬಳುವಳಿಯೆನ್ನುತ್ತದೆ. ಮದುವೆಯಲ್ಲಿ ಬಂದುದನ್ನೇ ತಕ್ಕೋಲದ ಬಳಿಕ ಕೃಷ್ಣ ಮತ್ತೆ ದೃಢಪಡಿಸಿರಬೇಕೆಂಬುದೇ ಸಮಂಜಸ ಊಹೆ. 961ರ ಸುಮಾರಿಗೆ ಬೂತುಗನ ಆಳ್ವಿಕೆ ಮುಗಿಯಿತು. ಅವನ ಮಗ ಮಾರಸಿಂಹ 968ರಲ್ಲಿ ಪುರಿಗೆರೆಯ ಗಂಗಕಂದರ್ಪ ಜಿನಾಲಯಕ್ಕೆ ದತ್ತಿ ಬಿಟ್ಟ ಶಾಸನ ಲಕ್ಷ್ಮೇಶ್ವರದಲ್ಲಿದೆ.