ತೂಕದಿಂದ ಸತ್ಯವನ್ನು ಕಂಡ ರಸಾಯನಜ್ಞ: ಮಾರಿಸ್ ಟ್ರ್ಯಾವರ್ಸ್

ನಮ್ಮ ರಾಮದುರ್ಗದ ನೇರ ಉತ್ತರಕ್ಕೆ ಜಮಖಂಡಿ ಇದೆ. 1868ನೆಯ ಇಸವಿಯ ಆಗಸ್ಟ್ 18ರಂದು ಅಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತು. ಅದನ್ನು ನೋಡಲೆಂದೇ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಅಧಿಕಾರಿ ಜಮಖಂಡಿಗೆ ಬಂದು, ದೂರದರ್ಶಕವನ್ನೂ ವರ್ಣಪಟಲದರ್ಶಕವನ್ನೂ ಹೂಡಿಕೊಂಡು ಕುಳಿತಿದ್ದರು. ಮೋಡಗಳ ಎಡೆಯಲ್ಲಿ ದೊರೆತ ಅಲ್ಪ ಕಾಲದಲ್ಲಿಯೇ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದಾಗ ಅವರಿಗೆ ಉಜ್ಜ್ವಲವಾದ ಬಣ್ಣದ ರೇಖೆಗಳು ಕಂಡವು. ಅದೇ ಗ್ರಹಣವನ್ನು ಗುಂಟೂರು ಮೊದಲಾದ ಸ್ಥಳಗಳಿಂದ ನೋಡಿದವರಿಗೂ ಅಂತಹ ರೇಖೆಗಳು ಗೋಚರಿಸಿದವು. ಅವುಗಳಲ್ಲಿನ ಹಳದಿ ರೇಖೆಯು ಸೋಡಿಯಮ್ಮಿನದಲ್ಲ, ಭೂಮಿಯಲ್ಲಿ ಕಾಣದ ಯಾವುದೋ ಮೂಲವಸ್ತುವಿನದು ಎಂದು ನಾರ್ಮನ್ ಲಾಕಿಯರ್ ಎಂಬ ವಿಜ್ಞಾನಿ ಮುಂದೆ ತರ್ಕಿಸಿದರು. ಸೂರ್ಯನ ಗ್ರೀಕ್ ಹೆಸರಿನಿಂದ ಅದು ಹೀಲಿಯಂ ಎನಿಸಿಕೊಂಡಿತು.

ಆ ಹೀಲಿಯಂ ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ, ಸರ್ ವಿಲಿಯಂ ರಾಮ್ಸೆಯವರ ಪ್ರಯೋಗಶಾಲೆಯಲ್ಲಿ. ಅಂದು ರಾಮ್ಸೆಯವರ ಬಳಿ ಕೆಲಸ ಮಾಡುತ್ತಿದ್ದ ಇಪ್ಪತ್ತಮೂರು ವರ್ಷದ ತರುಣನೊಬ್ಬನು ಮುಂದೆ ಬೆಂಗಳೂರಿಗೆ ಬಂದು, ಕನ್ನಡ ನಾಡಿನ ನೆಲದಲ್ಲಿ ಭಾರತದ ಹಿರಿಯ ವಿಜ್ಞಾನ ಸಂಸ್ಥೆಗೆ ಮೊದಲ ನಿರ್ದೇಶಕನಾದನು. ಆತನೇ ಮಾರಿಸ್ ವಿಲಿಯಂ ಟ್ರ್ಯಾವರ್ಸ್. ರಸಾಯನ ಶಾಸ್ತ್ರದ ಸೂತ್ರಗಳನ್ನು ಕಂಠಪಾಠ ಮಾಡಿ ಬೇಸರಗೊಂಡ ವಿದ್ಯಾರ್ಥಿಗಳು ಈ ಮಹನೀಯರ ಜೀವನವನ್ನು ತಿಳಿಯುವುದು ಉಚಿತವಾಗಿದೆ. ಸೂತ್ರದಲ್ಲಿನ ಒಂದೊಂದು ಅಂಕಿಯೂ ಎಷ್ಟು ಶ್ರಮದ ಫಲವೆಂಬುದು ಅದರಿಂದ ಮನವರಿಕೆಯಾಗುತ್ತದೆ.

ಟ್ರ್ಯಾವರ್ಸರು 1872ರ ಜನವರಿ 24ರಂದು ಲಂಡನ್ನಿನಲ್ಲಿ ಒಬ್ಬ ವೈದ್ಯರ ಮಗನಾಗಿ ಜನಿಸಿದರು. ಶಾಲಾ ಶಿಕ್ಷಣವನ್ನು ಮುಗಿಸಿ 1889ರಲ್ಲಿ ಯೂನಿವರ್ಸಿಟಿ ಕಾಲೇಜನ್ನು ಸೇರಿ 1893ರಲ್ಲಿ ಪದವೀಧರರಾದರು. ಕೆಲಕಾಲ ಫ್ರಾನ್ಸಿನ ನಾನ್ಸಿ ನಗರದಲ್ಲಿ ಸಾವಯವ ರಸಾಯನ ಶಾಸ್ತ್ರವನ್ನು ಅಭ್ಯಸಿಸಿ, 1894ರಲ್ಲಿ ಮರಳಿ ಬಂದು ರಾಮ್ಸೆಯವರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ನಿಂತರು. ಅವರ ಮೊದಮೊದಲಿನ ಸಂಶೋಧನೆ ಕ್ಯಾಲ್ಸಿಯಂ ಕಾರ್ಬೈಡಿನಿಂದ ಅಸಿಟಿಲೀನ್ ಅನಿಲವನ್ನು ಪಡೆಯುವ ಬಗೆಗೆ ಇದ್ದಿತು.

ಅಸಿಟಿಲೀನ್ ನಮಗೆ ಅಪರಿಚಿತವಾದ ವಸ್ತುವಲ್ಲ. ಹಿಂದೆ ಜಾತ್ರೆಯ ಅಂಗಡಿಸಾಲುಗಳಲ್ಲಿ ಉರಿಯುತ್ತಿದ್ದ ಕಾರ್ಬೈಡ್ ದೀಪದ ಬೆಳಕು ಅದರದೇ. ಊರೂರಿನ ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಿ ಕಬ್ಬಿಣವನ್ನು ಕರಗಿಸುವ ಜ್ವಾಲೆಯೂ ಅದರದೇ. ಈ ಅನಿಲದ ಸೂತ್ರವನ್ನು ಕಂಡುಕೊಳ್ಳುವ ಬಗೆಯನ್ನು ಇಲ್ಲಿ ತಿಳಿದುಕೊಂಡರೆ, ಟ್ರ್ಯಾವರ್ಸರು ಮುಂದೆ ಎದುರಿಸಿದ ಸಮಸ್ಯೆಯ ಸ್ವರೂಪವು ಸ್ಪಷ್ಟವಾಗುತ್ತದೆ.

ಅಸಿಟಿಲೀನನ್ನು ವಿಶ್ಲೇಷಿಸಿದರೆ ನೂರು ಗ್ರಾಮಿನಲ್ಲಿ 92.3 ಗ್ರಾಂ ಇಂಗಾಲವೂ 7.7 ಗ್ರಾಂ ಜಲಜನಕವೂ ದೊರೆಯುತ್ತವೆ. ಇಂಗಾಲದ ಪರಮಾಣು ತೂಕ 12, ಜಲಜನಕದ್ದು 1. ಆಯಾ ತೂಕವನ್ನು ಆಯಾ ಪರಮಾಣು ತೂಕದಿಂದ ಭಾಗಿಸಿದರೆ ಎರಡೂ ಕಡೆ 7.7 ಬರುತ್ತದೆ. ಆದುದರಿಂದ ಪರಮಾಣುಗಳ ಅನುಪಾತ ಒಂದಕ್ಕೆ ಒಂದು. ಹೀಗೆ ವಿಶ್ಲೇಷಣೆಯಿಂದ ಮಾತ್ರ ದೊರೆಯುವ, ಅತ್ಯಂತ ಸರಳವಾದ ಅನುಪಾತವನ್ನು ಹೇಳುವ ಸೂತ್ರವೇ ಪ್ರಾಯೋಗಿಕ ಸೂತ್ರ. ಎಂಪಿರಿಕಲ್ ಸೂತ್ರವೆಂದೂ ಇದನ್ನು ಕರೆಯುವುದುಂಟು. ಆದರೆ ಬೆಂಜೀನ್ ಎಂಬ ದ್ರವವನ್ನು ವಿಶ್ಲೇಷಿಸಿದರೂ ಇದೇ ಅಂಕಿಗಳು ಬರುತ್ತವೆ. ಒಂದು ಅನಿಲ, ಇನ್ನೊಂದು ದ್ರವ. ಗುಣಗಳಲ್ಲಿ ಪರಸ್ಪರ ಸಾಮ್ಯವಿಲ್ಲ. ಅಂದಮೇಲೆ ಅನುಪಾತವೊಂದೇ ವಸ್ತುವಿನ ಪೂರ್ಣ ಪರಿಚಯವನ್ನು ಮಾಡಿಕೊಡಲಾರದು. ದ್ರಾಕ್ಷಿಯ ಸವಿಗೆ ಕಾರಣವಾದ ಗ್ಲೂಕೋಸಿಗೂ ಹುಳಿ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲಕ್ಕೂ ಪ್ರಾಯೋಗಿಕ ಸೂತ್ರ ಒಂದೇ ಆಗಿರುವುದು ಇದಕ್ಕೆ ಮತ್ತೊಂದು ನಿದರ್ಶನ.

ಇಲ್ಲಿ ಎರಡನೆಯ ಹೆಜ್ಜೆ ಬೇಕಾಗುತ್ತದೆ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿರುವ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನವೆಂದು ಇಟಲಿಯ ಅವೊಗ್ಯಾಡ್ರೊ 1811ರಲ್ಲಿ ಪ್ರತಿಪಾದಿಸಿದ್ದರು. ಈ ನಿಯಮದ ಪ್ರಕಾರ, ಒಂದು ಅನಿಲವು ಅಷ್ಟೇ ಗಾತ್ರದ ಜಲಜನಕಕ್ಕಿಂತ ಎಷ್ಟು ಪಟ್ಟು ಭಾರವೆಂದು ತೂಗಿ ನೋಡಿ, ಬಂದ ಸಂಖ್ಯೆಯನ್ನು ಇಮ್ಮಡಿಸಿದರೆ ಅದರ ಅಣುತೂಕ ದೊರೆಯುತ್ತದೆ. ಜಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿರುವುದೇ ಇಮ್ಮಡಿಸಲು ಕಾರಣ. ಅಸಿಟಿಲೀನ್ 13 ಪಟ್ಟು ಭಾರ, ಅಣುತೂಕ 26. ಬೆಂಜೀನಿನ ಆವಿ 39 ಪಟ್ಟು ಭಾರ, ಅಣುತೂಕ 78. ಒಂದು ಇಂಗಾಲ ಮತ್ತು ಒಂದು ಜಲಜನಕದ ತೂಕ ಸೇರಿ 13. ಆದುದರಿಂದ ಅಸಿಟಿಲೀನಿನ ಅಣುವಿನಲ್ಲಿ ಎರಡು ಇಂಗಾಲ, ಎರಡು ಜಲಜನಕ. ಬೆಂಜೀನಿನ ಅಣುವಿನಲ್ಲಿ ಆರು ಇಂಗಾಲ, ಆರು ಜಲಜನಕ. ಇವೇ ಅಣುಸೂತ್ರಗಳು. ವಿಶ್ಲೇಷಣೆ ಅನುಪಾತವನ್ನು ಕೊಡುತ್ತದೆ, ತೂಕ ಸಂಖ್ಯೆಯನ್ನು ಕೊಡುತ್ತದೆ. ಎರಡೂ ಕೂಡಿದಾಗ ಮಾತ್ರ ಅಣುವಿನ ನಿಜವಾದ ರಚನಾಂಶಗಳು ತಿಳಿಯುತ್ತವೆ.

ಈ ಎರಡು ಹೆಜ್ಜೆಗಳ ಮಾರ್ಗವೇ 1894ರಲ್ಲಿ ಒಮ್ಮೆಲೇ ಮುರಿದುಬಿದ್ದಿತು. ಲಾರ್ಡ್ ರ‍್ಯಾಲೆ ಮತ್ತು ರಾಮ್ಸೆಯವರು ಗಾಳಿಯಲ್ಲಿ ಒಂದು ಹೊಸ ಅನಿಲವಿದೆಯೆಂದು ಆ ವರ್ಷ ಸಾರಿದರು. ಅದೇ ಆರ್ಗಾನ್. ಅದು ಯಾವ ವಸ್ತುವಿನೊಂದಿಗೂ ಕೂಡಲಿಲ್ಲ. ಸಂಯುಕ್ತವೇ ಇಲ್ಲದಿದ್ದರೆ ವಿಶ್ಲೇಷಣೆ ಎಲ್ಲಿಯದು? ಮೊದಲ ಹೆಜ್ಜೆ ಇಡಲು ನೆಲವೇ ಇರಲಿಲ್ಲ. ತೂಕವೊಂದೇ ಉಳಿದಿದ್ದ ಆಧಾರ. ಅದು ಜಲಜನಕಕ್ಕಿಂತ ಸುಮಾರು 20 ಪಟ್ಟು ಭಾರವಾಗಿದ್ದಿತು, ಅಣುತೂಕ 40. ಆದರೆ ಆ ಅಣುವಿನಲ್ಲಿ 40ರ ತೂಕದ ಪರಮಾಣು ಒಂದೇ ಇದೆಯೋ, 20ರ ತೂಕದವು ಎರಡಿವೆಯೋ? ಇದು ಹೊಸ ಮೂಲವಸ್ತುವೇ ಅಲ್ಲ, ಮೂರು ಸಾರಜನಕ ಪರಮಾಣುಗಳು ಕೂಡಿದ ಅಣುವಿರಬೇಕೆಂಬ ಶಂಕೆಯೂ ಹುಟ್ಟಿತು. ಆಮ್ಲಜನಕದ ಎರಡು ಪರಮಾಣುಗಳ ಅಣುವಿನಂತೆ ಮೂರು ಪರಮಾಣುಗಳ ಓಜೋನ್ ಅಣುವೂ ಉಂಟಷ್ಟೆ. ಸಾರಜನಕದ ಪರಮಾಣು ತೂಕ 14, ಮೂರರದು 42, 40ಕ್ಕೆ ಬಹಳ ದೂರವೇನಲ್ಲ. ಆವರ್ತ ಕೋಷ್ಟಕದ ಜನಕರಾದ ಮೆಂಡಲೀವರಂತಹವರೇ ಈ ಕಡೆಗೆ ಒಲಿದಿದ್ದರು. ಒಂದು ಅಣುಸೂತ್ರದ ಪ್ರಶ್ನೆಯ ಮೇಲೆ ಹೊಸ ಮೂಲವಸ್ತುವಿನ ಅಸ್ತಿತ್ವವೇ ತೂಗಾಡುತ್ತಿದ್ದಿತು.

ರಾಮ್ಸೆಯವರು ಇದಕ್ಕೆ ಬೇರೊಂದು ಸಾಕ್ಷಿಯನ್ನು ತಂದರು. ಅನಿಲಕ್ಕೆ ಶಾಖ ಕೊಟ್ಟಾಗ, ಅದರ ಅಣುವು ಎರಡು ಮೂರು ಪರಮಾಣುಗಳ ಜೋಡಣೆಯಾಗಿದ್ದರೆ, ಶಾಖದ ಒಂದು ಪಾಲು ಆ ಅಣುವನ್ನು ತಿರುಗಿಸುವುದರಲ್ಲಿ ವ್ಯಯವಾಗುತ್ತದೆ. ಒಂಟಿ ಪರಮಾಣುವಿಗೆ ಆ ವ್ಯಯವಿಲ್ಲ. ಈ ವ್ಯತ್ಯಾಸವನ್ನು ಅನಿಲದಲ್ಲಿ ಶಬ್ದವು ಚಲಿಸುವ ವೇಗದಿಂದ ಅಳೆಯಬಹುದು. ಅನಿಲದ ಎರಡು ವಿಶಿಷ್ಟೋಷ್ಣಗಳ ಅನುಪಾತವು ಎರಡು ಪರಮಾಣುಗಳ ಅಣುಗಳಿಗೆ 1.4ರ ಸುಮಾರಿಗೆ ಇದ್ದರೆ, ಒಂಟಿ ಪರಮಾಣುಗಳಿಗೆ 1.67 ಇರುತ್ತದೆ. ಆರ್ಗಾನಿಗೂ ಹೀಲಿಯಮ್ಮಿಗೂ 1.67ರ ಸಮೀಪದ ಬೆಲೆಯೇ ಬಂದಿತು. ಆದರೂ ಸಂದೇಹ ಪೂರ್ಣ ಅಳಿಯಲಿಲ್ಲ. ಆರ್ಗಾನ್ ನಿಜವಾದ ಮೂಲವಸ್ತುವಾಗಿದ್ದರೆ ಆವರ್ತ ಕೋಷ್ಟಕದಲ್ಲಿ ಅದಕ್ಕೊಂದು ಕುಟುಂಬವಿರಬೇಕು. ಆ ಕುಟುಂಬವನ್ನು ಹುಡುಕುವ ಕಾರ್ಯದಲ್ಲಿ ಟ್ರ್ಯಾವರ್ಸರು ಗುರುವಿನ ಬಲಗೈಯಾದರು. ಖನಿಜಗಳನ್ನು, ಉಲ್ಕಾಶಿಲೆಗಳನ್ನು ಕಾಯಿಸಿ ಹೊರಡುವ ಅನಿಲಗಳನ್ನು ಅವರು ಪರೀಕ್ಷಿಸಿದರು, ಹೊಸದೇನೂ ಸಿಗಲಿಲ್ಲ.

1898ರ ಮೇ ತಿಂಗಳಲ್ಲಿ ಅವರಿಗೆ ಸ್ವಲ್ಪ ದ್ರವರೂಪದ ಗಾಳಿ ದೊರೆಯಿತು. ಅದನ್ನು ಮೆಲ್ಲನೆ ಆವಿಯಾಗಲು ಬಿಟ್ಟು, ತಳದಲ್ಲಿ ಉಳಿದ ಅಂಶದಿಂದ ಆಮ್ಲಜನಕವನ್ನೂ ಸಾರಜನಕವನ್ನೂ ನೀಗಿಸಿದಾಗ ಸಣ್ಣ ಬಟ್ಟಲೂ ತುಂಬದಷ್ಟು ಅನಿಲ ಮಿಕ್ಕಿತು. ಅದರ ವರ್ಣಪಟಲದಲ್ಲಿ ಹಿಂದೆಂದೂ ಕಾಣದ ಹಳದಿ ಮತ್ತು ಹಸಿರು ರೇಖೆಗಳು ಹೊಳೆದವು. ಗುರುಶಿಷ್ಯರಿಬ್ಬರೂ ರಾತ್ರಿ ಬಹಳ ಹೊತ್ತಿನವರೆಗೆ ಕುಳಿತು ಅದನ್ನು ತೂಗಿದರು. ಅದು ಆರ್ಗಾನಿಗಿಂತ ಭಾರವಾಗಿದ್ದಿತು. ಟ್ರ್ಯಾವರ್ಸರಿಗೆ ಮರುದಿನವೇ ಡಿ.ಎಸ್‌ಸಿ. ಪರೀಕ್ಷೆ ಇದ್ದುದು ಆ ಸಂಭ್ರಮದಲ್ಲಿ ಮರೆತೇ ಹೋಗುವುದರಲ್ಲಿದ್ದಿತೆಂದು ಹೇಳುತ್ತಾರೆ. ಈ ಅನಿಲಕ್ಕೆ ಕ್ರಿಪ್ಟಾನ್ ಎಂದು ಹೆಸರಾಯಿತು. ಮುಂದಿನ ತಿಂಗಳು ಆರ್ಗಾನಿನ ಹಗುರ ಭಾಗವನ್ನು ಬೇರ್ಪಡಿಸಿ ಗಾಜಿನ ನಳಿಕೆಯಲ್ಲಿ ವಿದ್ಯುತ್ತನ್ನು ಹರಿಸಿದಾಗ ಕೋಣೆಯೆಲ್ಲ ಕಡುಗೆಂಪು ಬೆಳಕಿನಿಂದ ತುಂಬಿತು. ಅದು ನಿಯಾನ್. ಅದೇ ವರ್ಷ ಕ್ರಿಪ್ಟಾನಿನಿಂದ ಇನ್ನೂ ಭಾರವಾದ ಝೆನಾನ್ ಬೇರೆಯಾಯಿತು. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಕ್ರಿಪ್ಟಾನ್ ಸುಮಾರು ಒಂದೇ ಭಾಗ. ಝೆನಾನ್ ಅದರ ಹತ್ತರಲ್ಲೊಂದು ಪಾಲೂ ಇಲ್ಲ.

ಹೆಸರಿಡುವುದು ಸುಲಭ; ತೂಗುವುದು ಕಠಿಣ. ಅನಿಲ ಶುದ್ಧವಾಗದೆ ತೂಕ ನಿಜವಾಗದು. ನಿಯಾನಿನಲ್ಲಿ ಬೆರೆತಿದ್ದ ಹೀಲಿಯಮ್ಮನ್ನು ಬಿಡಿಸಲು ದ್ರವ ಗಾಳಿಯ ಶೀತವೂ ಸಾಲದೆ, ಟ್ರ್ಯಾವರ್ಸರು 1900ರಲ್ಲಿ ಜಲಜನಕವನ್ನೇ ದ್ರವವಾಗಿಸುವ ಯಂತ್ರವನ್ನು ತಾವೇ ನಿರ್ಮಿಸಿದರು. ಆ ಚಳಿಗೆ ನಿಯಾನ್ ಹೆಪ್ಪುಗಟ್ಟಿತು, ಹೀಲಿಯಂ ಅನಿಲವಾಗಿಯೇ ಉಳಿಯಿತು. ಕೊನೆಗೆ ತೂಗಿದಾಗ ನಿಯಾನಿನ ಸಾಂದ್ರತೆ ಸುಮಾರು 10, ಕ್ರಿಪ್ಟಾನಿನದು 41, ಝೆನಾನಿನದು 64 ಬಂದಿತು. ಇಮ್ಮಡಿಸಿದರೆ 20, 82, 128. ಇಂದಿನ ಬೆಲೆಗಳು 20.2, 83.8, 131.3. ಅಷ್ಟು ಅಲ್ಪ ವಸ್ತುವಿನಿಂದ, ಅಂದಿನ ಉಪಕರಣಗಳಿಂದ ಅವರು ಇಷ್ಟು ಸಮೀಪ ಬಂದಿದ್ದರು. ಇವುಗಳ ಅಣುವೂ ಒಂಟಿ ಪರಮಾಣುವೇ ಎಂದು ಕಂಡುಬಂದುದರಿಂದ ಅಣುತೂಕವೇ ಪರಮಾಣು ತೂಕವಾಯಿತು. ಐದು ಅನಿಲಗಳೂ ಆವರ್ತ ಕೋಷ್ಟಕದಲ್ಲಿ ಒಂದೇ ಸಾಲಾಗಿ ನಿಂತವು. ಮೂರು ಸಾರಜನಕಗಳ ವಾದಕ್ಕೆ ಎಡೆಯೇ ಉಳಿಯಲಿಲ್ಲ. 1904ರಲ್ಲಿ ರಾಮ್ಸೆಯವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅದೇ ವರ್ಷ ಟ್ರ್ಯಾವರ್ಸರು ಬ್ರಿಸ್ಟಲ್ಲಿನಲ್ಲಿ ಪ್ರಾಧ್ಯಾಪಕರಾದರು, ರಾಯಲ್ ಸೊಸೈಟಿಯ ಸದಸ್ಯರೂ ಆದರು.

ಕ್ರಿಪ್ಟಾನ್ ದೊರೆತ 1898ನೆಯ ವರ್ಷದ ಕೊನೆಯ ದಿನವೇ ಜಮಶೇಟಜಿ ಟಾಟಾ ಅವರ ಸಂಶೋಧನಾ ಸಂಸ್ಥೆಯ ಯೋಜನೆಯು ವೈಸರಾಯ್ ಕರ್ಜನ್ನರ ಮುಂದೆ ಮಂಡಿತವಾಯಿತು. ಆ ಬಗ್ಗೆ ಪರಿಶೀಲಿಸಲು ಭಾರತವನ್ನು ಸುತ್ತಿದ ರಾಮ್ಸೆಯವರು ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದರು. ಶಿಷ್ಯರಾದ ಟ್ರ್ಯಾವರ್ಸರು 1906ರಲ್ಲಿ ನಿರ್ದೇಶಕರಾಗಿ ನಿಯುಕ್ತರಾಗಿ ಭಾರತಕ್ಕೆ ಬಂದರು. ಅಂದು ಕಟ್ಟಡವಿಲ್ಲ, ವಿದ್ಯಾರ್ಥಿಗಳಿಲ್ಲ. ಜಮಶೇಟಜಿಯವರು 1904ರಲ್ಲಿಯೇ ತೀರಿಕೊಂಡಿದ್ದರು. ಮೈಸೂರು ಸರಕಾರವು 1907ರಲ್ಲಿ 371 ಎಕರೆ ಭೂಮಿಯನ್ನು ನೀಡಿತು. 1909ರಲ್ಲಿ ಸಂಸ್ಥೆಗೆ ಕಾಯದೆಬದ್ಧ ರೂಪ ಬಂದಿತು. 1911ರ ಫೆಬ್ರವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು. ಜುಲೈ 24ರಂದು ಮೊದಲ ವಿದ್ಯಾರ್ಥಿಗಳು ಪ್ರವೇಶ ಪಡೆದರು. ರಸಾಯನ ಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನಗಳಿಂದ ಪಾಠ ಆರಂಭವಾಯಿತು. ಪುಸ್ತಕದ ಸೂತ್ರವನ್ನು ಒಪ್ಪಿಸುವುದಕ್ಕಲ್ಲ, ತಾವೇ ತೂಗಿ ಅಳೆದು ಹೊಸದನ್ನು ಕಾಣುವುದಕ್ಕೆ ಭಾರತೀಯ ತರುಣರಿಗೆ ಅಲ್ಲೊಂದು ನೆಲೆ ದೊರೆಯಿತು.

ಆದರೆ ಅನಿಲಗಳನ್ನು ಬೇರ್ಪಡಿಸಿದಷ್ಟು ನಿರ್ಮಲವಾಗಿ ಮನುಷ್ಯರ ವ್ಯವಹಾರವನ್ನು ನಡೆಸಲು ಟ್ರ್ಯಾವರ್ಸರಿಗೆ ಆಗಲಿಲ್ಲ. ಆಡಳಿತದ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಬೆಳೆದು 1914ರಲ್ಲಿ ಅವರು ರಾಜೀನಾಮೆ ನೀಡಿ ಸ್ವದೇಶಕ್ಕೆ ಮರಳಿದರು. ತಾವು ಬುನಾದಿಯಿಂದ ಎಬ್ಬಿಸಿದ ಸಂಸ್ಥೆ ಬೆಳೆದು ಹಣ್ಣಾಗುವುದನ್ನು ದೂರದಿಂದಲೇ ಕಾಣುವ ಯೋಗ ಅವರದಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಪ್ರಯೋಗಶಾಲೆಯ ಗಾಜಿನ ತಯಾರಿಕೆಯಲ್ಲಿ ತೊಡಗಿದರು. ಅನಂತರ ಇಂಧನ ಮತ್ತು ಕುಲುಮೆಗಳ ಕೆಲಸದಲ್ಲಿದ್ದು, 1927ರಲ್ಲಿ ಬ್ರಿಸ್ಟಲ್ಲಿಗೆ ಗೌರವ ಪ್ರಾಧ್ಯಾಪಕರಾಗಿ ಹಿಂದಿರುಗಿದರು. ವಿರಳಾನಿಲಗಳ ಶೋಧದ ಇತಿಹಾಸವನ್ನು 1928ರಲ್ಲಿಯೂ, ಗುರುಗಳಾದ ರಾಮ್ಸೆಯವರ ಜೀವನ ಚರಿತ್ರೆಯನ್ನು ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, 1956ರಲ್ಲಿಯೂ ಪ್ರಕಟಿಸಿ ಗುರುಋಣವನ್ನು ತೀರಿಸಿದರು. 1961ರ ಆಗಸ್ಟ್ 25ರಂದು ಇಂಗ್ಲೆಂಡಿನಲ್ಲಿ ನಿಧನ ಹೊಂದಿದರು.

ನೊಬೆಲ್ ಪಾರಿತೋಷಕದಲ್ಲಿ ಅವರ ಹೆಸರಿಲ್ಲ. ಬೆಂಗಳೂರಿನ ಸಂಸ್ಥೆಯನ್ನು ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆದರೇ ಹೊರತು ಮೊದಲ ನಿರ್ದೇಶಕರ ಹೆಸರನ್ನು ನೆನೆದವರು ಕಡಿಮೆ. ಆದರೆ ಬೈಲಹೊಂಗಲದಲ್ಲಾಗಲಿ, ಕಿತ್ತೂರಿನಲ್ಲಾಗಲಿ, ಸವದತ್ತಿ ರಾಮದುರ್ಗಗಳಲ್ಲಾಗಲಿ ಯಾವ ಶಾಲೆಯ ಗೋಡೆಯ ಮೇಲಿನ ಆವರ್ತ ಕೋಷ್ಟಕವನ್ನು ನೋಡಿದರೂ ಬಲಗಡೆಯ ಕಡೆಯ ಕಂಬಸಾಲಿನಲ್ಲಿ ಅವರು ತೂಗಿದ ಅನಿಲಗಳು ನಿಂತಿವೆ. ಅಣುಸೂತ್ರದ ಲೆಕ್ಕವನ್ನು ಬಿಡಿಸುವ ವಿದ್ಯಾರ್ಥಿಯು ಅನುಪಾತವನ್ನು ಕಂಡೊಡನೆ ಲೇಖನಿಯನ್ನು ಕೆಳಗಿಡಬಾರದು. ಅಣುವಿನ ತೂಕ ಎಷ್ಟೆಂದು ಮತ್ತೊಮ್ಮೆ ಕೇಳಿಕೊಳ್ಳಬೇಕು. ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಟ್ರ್ಯಾವರ್ಸರು ತಮ್ಮ ತಾರುಣ್ಯವನ್ನು ತಕ್ಕಡಿಯ ಮುಂದೆ ಕಳೆದರು.