ಓದುವುದನ್ನು ಕಲಿಸಿದ ಗುರು: ಐ. ಎ. ರಿಚರ್ಡ್ಸ್

ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ವಿದ್ಯಾರ್ಥಿಗೆ ಪ್ರಶ್ನಪತ್ರಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಜಿಕೆ ತರುವ ಪ್ರಶ್ನೆ ಯಾವುದು? ಹಿಂದೆಂದೂ ಕಂಡರಿಯದ ಒಂದು ಕವನವನ್ನು ಮುಂದಿಟ್ಟು, ಕವಿಯ ಹೆಸರನ್ನೂ ತಿಳಿಸದೆ, ಇದನ್ನು ವಿಮರ್ಶಿಸಿರಿ ಎಂದು ಕೇಳುವ ಪ್ರಶ್ನೆಯೇ ಅದು ಎಂದರೆ ಬಹುಶಃ ಯಾರೂ ಅಲ್ಲಗಳೆಯಲಾರರು. ಷೇಕ್ಸ್‌ಪಿಯರನ ನಾಟಕವಾದರೆ ಟಿಪ್ಪಣಿಗಳುಂಟು, ಗೈಡುಗಳುಂಟು, ಅಧ್ಯಾಪಕರು ಬರೆಸಿದ ನೋಟ್ಸು ಉಂಟು. ಇಲ್ಲಿ ಅವಾವುವೂ ನೆರವಿಗೆ ಬಾರವು. ಎದುರಿಗೆ ಕವನ, ಈಚೆಗೆ ನಾವು, ನಡುವೆ ಮೂರನೆಯವರಿಲ್ಲ.

ಪ್ರಾಯೋಗಿಕ ವಿಮರ್ಶೆಯೆಂಬ ಈ ಅಭ್ಯಾಸವನ್ನು ತರಗತಿಯಲ್ಲಿ ನೆಲೆಗೊಳಿಸಿದವರು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಐವರ್ ಆರ್ಮ್‌ಸ್ಟ್ರಾಂಗ್ ರಿಚರ್ಡ್ಸ್. ಅವರ ಹೆಸರು ನಮ್ಮಲ್ಲಿ ಅನೇಕರಿಗೆ ಗೊತ್ತು. ಅವರ ಬಾಳು ಗೊತ್ತಿರುವುದು ಕೆಲವರಿಗೆ ಮಾತ್ರ. ಆ ಬಾಳನ್ನು ತಿಳಿದರೆ ಈ ಪ್ರಶ್ನೆಯ ಹಿಂದೆ ಇದ್ದ ಕಳಕಳಿ ಎಂತಹುದೆಂಬುದು ಮನದಟ್ಟಾಗುತ್ತದೆ.

ರಿಚರ್ಡ್ಸ್ ಹುಟ್ಟಿದ್ದು ೧೮೯೩ನೆಯ ಇಸವಿ ಫೆಬ್ರವರಿ ೨೬ರಂದು, ಇಂಗ್ಲೆಂಡಿನ ಚೆಷೈರ್ ಪ್ರಾಂತದ ಸ್ಯಾಂಡ್‌ಬ್ಯಾಚ್ ಎಂಬ ಊರಿನಲ್ಲಿ. ಒಂಬತ್ತು ವರ್ಷದ ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ಬ್ರಿಸ್ಟಲಿನ ಕ್ಲಿಫ್ಟನ್ ಶಾಲೆಯಲ್ಲಿ ಓದುತ್ತಿದ್ದಾಗ ಕ್ಷಯರೋಗ ತಗುಲಿತು. ಆ ಕಾಲಕ್ಕೆ ಕ್ಷಯಕ್ಕೆ ಮದ್ದೆಂಬುದಿರಲಿಲ್ಲ. ವಿಶ್ರಾಂತಿ ಮತ್ತು ಒಳ್ಳೆಯ ಗಾಳಿ, ಇವೆರಡನ್ನೇ ನಂಬಬೇಕಾಗಿತ್ತು. ಹುಡುಗ ಚೇತರಿಸಿಕೊಂಡದ್ದಷ್ಟೇ ಅಲ್ಲ, ವೇಲ್ಸಿನ ಬಂಡೆಗಳನ್ನು ಹತ್ತತೊಡಗಿದ. ಕೆಟ್ಟ ಶ್ವಾಸಕೋಶಗಳ ಈ ಹುಡುಗ ಮುಂದೆ ತನ್ನ ಕಾಲದ ಹೆಸರಾಂತ ಪರ್ವತಾರೋಹಿಗಳಲ್ಲಿ ಒಬ್ಬನಾದದ್ದು ಒಂದು ಸೋಜಿಗ. ೧೯೨೮ರಲ್ಲಿ ಆಲ್ಪ್ಸ್ ಪರ್ವತದ ಡೆಂಟ್ ಬ್ಲಾಂಷ್ ಶಿಖರದ ಉತ್ತರದ ಏಣನ್ನು, ಅದುವರೆಗೆ ಯಾರೂ ಏರದಿದ್ದುದನ್ನು, ಪತ್ನಿ ಡೊರೊಥಿ ಪಿಲಿಯವರೊಡನೆ ಮತ್ತು ಇಬ್ಬರು ಮಾರ್ಗದರ್ಶಿಗಳೊಡನೆ ಅವರು ಏರಿದರು.

೧೯೧೧ರಲ್ಲಿ ಕೇಂಬ್ರಿಜಿನ ಮ್ಯಾಗ್ಡಲೀನ್ ಕಾಲೇಜನ್ನು ಸೇರಿದಾಗ ರಿಚರ್ಡ್ಸ್ ಆರಿಸಿಕೊಂಡ ವಿಷಯ ಇತಿಹಾಸ. ಅದು ಅವರಿಗೆ ಒಗ್ಗಲಿಲ್ಲ. ಬಹುಬೇಗ ಅದನ್ನು ಬಿಟ್ಟು ನೀತಿಶಾಸ್ತ್ರ, ತರ್ಕ, ಮನಶ್ಶಾಸ್ತ್ರಗಳು ಸೇರಿದ ಶಾಖೆಗೆ ಬಂದರು. ೧೯೧೫ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಕಾವ್ಯದ ಓದನ್ನು ಜಗತ್ತಿಗೆ ಕಲಿಸಿದ ಈ ಮೇಷ್ಟರು ಸಾಹಿತ್ಯದ ಪದವೀಧರರೇ ಆಗಿರಲಿಲ್ಲವೆಂಬುದನ್ನು ಗಮನಿಸಬೇಕು. ಕವನವೊಂದನ್ನು ಓದುವಾಗ ಓದುಗನ ಮನಸ್ಸಿನಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬ ಕುತೂಹಲ ಅವರಿಗೆ ಬಂದದ್ದು ಮನಶ್ಶಾಸ್ತ್ರದ ಕಡೆಯಿಂದ.

ಮೊದಲನೆಯ ಮಹಾಯುದ್ಧ ಮುಗಿದ ದಿನ, ೧೯೧೮ರ ನವೆಂಬರ್ ೧೧ರಂದು, ಕೇಂಬ್ರಿಜಿನಲ್ಲಿ ಯುವಕರ ಗುಂಪೊಂದು ಸಿ. ಕೆ. ಆಗ್ಡನ್ ಎಂಬ ಪತ್ರಿಕಾ ಸಂಪಾದಕರ ಅಂಗಡಿಯನ್ನು ಧ್ವಂಸಮಾಡಿತು. ಯುದ್ಧವನ್ನು ಕುರಿತು ಭಿನ್ನಾಭಿಪ್ರಾಯಗಳಿಗೂ ತಮ್ಮ ಪತ್ರಿಕೆಯಲ್ಲಿ ಎಡೆಗೊಟ್ಟದ್ದೇ ಆಗ್ಡನ್ನರ ಅಪರಾಧವಾಗಿತ್ತು. ಆ ರಾತ್ರಿ ಆಗ್ಡನ್ ಮತ್ತು ರಿಚರ್ಡ್ಸ್ ಮನೆಯ ಮೆಟ್ಟಿಲಿನ ಮೇಲೆ ನಿಂತು ಗಂಟೆಗಟ್ಟಲೆ ಮಾತನಾಡಿದರು. ಮಾತು ಸಾಗಿದ್ದು ಅರ್ಥವೆಂಬುದರ ಅರ್ಥವೇನು ಎಂಬ ಕಡೆಗೆ. ಒಂದೇ ಪದವನ್ನು ಬಳಸುವ ಇಬ್ಬರು ಒಂದೇ ಅರ್ಥವನ್ನು ಗ್ರಹಿಸುತ್ತಾರೆಂಬ ಭರವಸೆ ಏನು? ಆ ಮಾತುಕತೆಯಿಂದ ಬೆಳೆದ ಗ್ರಂಥವೇ ಇಬ್ಬರೂ ಕೂಡಿ ಬರೆದು ೧೯೨೩ರಲ್ಲಿ ಪ್ರಕಟಿಸಿದ ‘ದಿ ಮೀನಿಂಗ್ ಆಫ್ ಮೀನಿಂಗ್’.

ಇಷ್ಟಾದರೂ ಹೊಟ್ಟೆಪಾಡಿಗೆ ದಾರಿಯಾಗಿರಲಿಲ್ಲ. ೧೯೧೯ರಲ್ಲಿ ರಿಚರ್ಡ್ಸ್ ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಪರ್ವತಾರೋಹಿಗಳಿಗೆ ಮಾರ್ಗದರ್ಶಿಯಾಗಿ ನಿಲ್ಲುವ ಯೋಚನೆಯಿಂದ ಪರಿಚಯಪತ್ರ ಕೇಳಲು ಮ್ಯಾನ್ಸ್‌ಫೀಲ್ಡ್ ಫೋರ್ಬ್ಸ್ ಎಂಬ ಅಧ್ಯಾಪಕರಲ್ಲಿಗೆ ಹೋದರು. ಅಲ್ಲಿ ಮಾತು ಬೆಟ್ಟವನ್ನು ಬಿಟ್ಟು ವರ್ಡ್ಸ್‌ವರ್ತ್ ಕವಿಯ ಕಡೆಗೆ ಹೊರಳಿತು. ಕೇಂಬ್ರಿಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಸ್ವತಂತ್ರ ಪದವಿ ಪರೀಕ್ಷೆ ಆಗತಾನೆ ಏರ್ಪಟ್ಟಿತ್ತು. ಪಾಠ ಹೇಳುವವರು ಬೇಕಾಗಿದ್ದರು. ಪರಿಚಯಪತ್ರ ಹರಿದುಹೋಯಿತು, ರಿಚರ್ಡ್ಸ್ ಉಪನ್ಯಾಸಕರಾದರು. ಸಂಬಳವೆಂಬುದಿರಲಿಲ್ಲ; ಉಪನ್ಯಾಸ ಕೇಳಲು ಬಂದ ಒಬ್ಬೊಬ್ಬ ವಿದ್ಯಾರ್ಥಿಯ ಲೆಕ್ಕದಲ್ಲಿ ೧೫ ಷಿಲಿಂಗ್ ಸಿಗುತ್ತಿತ್ತು. ಕೇಳುವವರು ಬಂದರೆ ಊಟ, ಬಾರದಿದ್ದರೆ ಉಪವಾಸ! ಕೇಳುವವರೇನೋ ಬಂದರು, ಕೊಠಡಿ ತುಂಬುವಷ್ಟು ಬಂದರು.

೧೯೨೪ರಲ್ಲಿ ‘ಪ್ರಿನ್ಸಿಪಲ್ಸ್ ಆಫ್ ಲಿಟರರಿ ಕ್ರಿಟಿಸಿಸಂ’ ಹೊರಬಂದು ರಿಚರ್ಡ್ಸ್‌ರ ಹೆಸರು ಹರಡಿತು. ಆದರೆ ಅವರ ಕೀರ್ತಿಯನ್ನು ಉಳಿಸಿರುವುದು ಮರುವರ್ಷದಿಂದ ಅವರು ತರಗತಿಯಲ್ಲಿ ನಡೆಸಿದ ಒಂದು ಪ್ರಯೋಗ. ಅದರ ಕ್ರಮ ಬಹಳ ಸರಳವಾಗಿತ್ತು. ಕೆಲವು ಕವನಗಳನ್ನು ಅಚ್ಚುಮಾಡಿಸಿ ಹಂಚುವರು. ಕವಿಯ ಹೆಸರಿರದು; ಬರೆದ ಕಾಲವೂ ಇರದು; ಹಳೆಯ ಕಾಗುಣಿತದಿಂದ ಕಾಲದ ಸುಳಿವು ಸಿಕ್ಕೀತೆಂದು ಅದನ್ನೂ ಹೊಸ ರೀತಿಗೆ ತಿದ್ದಿರುವರು. ವಿದ್ಯಾರ್ಥಿಗಳು ಅದನ್ನು ಒಂದು ವಾರ ಇಟ್ಟುಕೊಂಡು, ತಮಗೆ ಬೇಕಾದಷ್ಟು ಸಲ ಓದಿ, ಅನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಬರೆದು ಒಪ್ಪಿಸಬೇಕು. ಎಷ್ಟು ಸಲ ಓದಿದೆವೆಂಬುದನ್ನೂ ಕಾಣಿಸಬೇಕು; ಒಂದೇ ಕುಳಿತದಲ್ಲಿ ಹತ್ತು ಬಾರಿ ಓದಿದರೂ ಅದು ಒಂದೇ ಓದು. ತಮ್ಮ ಹೆಸರನ್ನು ಬರೆಯಬೇಕಾದುದಿಲ್ಲ. ಹೀಗೆ ಕವಿಯೂ ಅನಾಮಧೇಯ, ವಿಮರ್ಶಕನೂ ಅನಾಮಧೇಯ. ಮುಂದಿನ ವಾರದ ಉಪನ್ಯಾಸಕ್ಕೆ ಆ ಬರಹಗಳೇ ವಸ್ತು.

ಬರೆದವರಲ್ಲಿ ಬಹುಮಂದಿ ಇಂಗ್ಲಿಷ್ ಸಾಹಿತ್ಯವನ್ನೇ ವಿಶೇಷವಾಗಿ ಅಭ್ಯಾಸಮಾಡುತ್ತಿದ್ದ ತರುಣರು. ದೇಶದ ಒಳ್ಳೆಯ ಶಾಲೆಗಳಿಂದ ಬಂದವರು. ಅಂಥವರ ಕೈಯಲ್ಲಿ ಕವನಗಳು ಪಟ್ಟ ಪಾಡು ರಿಚರ್ಡ್ಸ್‌ರನ್ನೂ ದಂಗುಬಡಿಸಿತು. ಜಾನ್ ಡನ್ನನಂಥ ಮಹಾಕವಿಯ ಸುನೀತವನ್ನು ಬಹುಮಂದಿ ತಿರಸ್ಕರಿಸಿದರು. ಲಾಂಗ್‌ಫೆಲೋ ಕವಿಯ ಹೆಸರು ಕಂಡಿದ್ದರೆ ತಲೆಬಾಗುತ್ತಿದ್ದವರು ಹೆಸರು ಕಾಣದ್ದರಿಂದ ಅವನ ಕವನವನ್ನು ಹೀನಾಯವಾಗಿ ಹಳಿದರು. ಇಂದು ಹೆಸರೇ ಮರೆತುಹೋದ ಪದ್ಯಕಾರರ ಸಾಲುಗಳಿಗೆ ಮೆಚ್ಚಿಕೆಯ ಮಳೆ ಸುರಿಯಿತು. ಇನ್ನೂ ಸೋಜಿಗವೆಂದರೆ, ಎಷ್ಟೋ ಮಂದಿಗೆ ಕವನದ ಸರಳವಾದ ವಾಚ್ಯಾರ್ಥವೇ ದಕ್ಕಿರಲಿಲ್ಲ. ಎಲೆಯುದುರುವುದನ್ನು ಕಂಡು ದುಃಖಿಸುವ ಬಾಲೆಯನ್ನು ಕುರಿತ ಹಾಪ್ಕಿನ್ಸನ ಕವನದಲ್ಲಿ ಯಾರು ಯಾರಿಗೆ ಏನನ್ನು ಹೇಳುತ್ತಿದ್ದಾರೆಂಬುದೇ ಹಲವರಿಗೆ ಹರಿಯಲಿಲ್ಲ.

ಡಿ. ಎಚ್. ಲಾರೆನ್ಸನ ಪಿಯಾನೊ ಕವನದ ಗತಿ ಬೇರೊಂದು ಬಗೆಯದು. ಸಂಜೆಯ ಹೊತ್ತು ಒಬ್ಬಾಕೆ ಹಾಡುತ್ತಾಳೆ, ಕೇಳುವವನಿಗೆ ತಾನು ಮಗುವಾಗಿದ್ದಾಗ ಪಿಯಾನೊ ನುಡಿಸುತ್ತಿದ್ದ ತಾಯಿಯ ಕಾಲ ಬಳಿ ಕುಳಿತಿದ್ದುದು ನೆನಪಾಗುತ್ತದೆ, ಕೊನೆಗೆ ಕಣ್ಣೀರು. ತಾಯಿ, ಬಾಲ್ಯ, ಕಣ್ಣೀರು ಎಂಬ ಮೂರು ಮಾತು ಕಂಡ ಕೂಡಲೆ ಇದು ಅಗ್ಗದ ಭಾವಾತಿರೇಕವೆಂದು ಅನೇಕರು ತೀರ್ಪು ಕೊಟ್ಟರು. ಆ ನೆನಪಿನ ಸೆಳೆತಕ್ಕೆ ಸೋಲಬಾರದೆಂದು ಕವಿಯೇ ಹೆಣಗುತ್ತಿದ್ದಾನೆ, ತನ್ನ ಸೋಲನ್ನು ತಾನೇ ಕಣ್ಣಿಟ್ಟು ನೋಡುತ್ತಿದ್ದಾನೆ ಎಂಬುದು ಅವರ ಗಮನಕ್ಕೆ ಬರಲಿಲ್ಲ. ನಮ್ಮಲ್ಲಿಯೂ ತೊಟ್ಟಿಲು, ತವರು, ತಾಯಿ ಎಂಬ ಪದಗಳನ್ನು ಕಂಡೊಡನೆ ಕೆಲವರಿಗೆ ಕಣ್ಣು ತುಂಬುತ್ತದೆ, ಕೆಲವರಿಗೆ ಮೂಗು ಮುರಿಯುವಂತಾಗುತ್ತದೆ. ಇಬ್ಬರೂ ಕವನವನ್ನು ಓದಿದವರಲ್ಲ. ತಮ್ಮ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿದ್ದುದನ್ನು ಓದಿಕೊಂಡವರು.

ಈ ಬರಹಗಳನ್ನೆಲ್ಲ ಬಿಡಿಸಿ ನೋಡಿ ರಿಚರ್ಡ್ಸ್ ೧೯೨೯ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ೧೩ ಕವನಗಳೂ ಅವುಗಳ ಮೇಲೆ ವಿದ್ಯಾರ್ಥಿಗಳು ಬರೆದ ಅಭಿಪ್ರಾಯಗಳೂ ಇವೆ. ಯಾವುದೇ ಮಾತಿನಲ್ಲಿ ನಾಲ್ಕು ಬಗೆಯ ಅರ್ಥ ಹೆಣೆದುಕೊಂಡಿರುತ್ತದೆಂದು ಅವರು ತೋರಿಸಿಕೊಟ್ಟರು: ಹೇಳಿದ ವಿಷಯ, ಆ ವಿಷಯದ ಬಗೆಗೆ ಹೇಳುವವನ ಭಾವ, ಕೇಳುವವನ ಬಗೆಗೆ ಅವನ ಧೋರಣೆ, ಹೇಳುವುದರ ಉದ್ದೇಶ. ಓದಿಗೆ ಅಡ್ಡಬರುವ ತೊಡಕುಗಳು ಹತ್ತೆಂದು ಲೆಕ್ಕಹಾಕಿದರು. ವಾಚ್ಯಾರ್ಥವನ್ನು ತಪ್ಪಿಸಿಕೊಳ್ಳುವುದು, ಲಯ ಕಿವಿಗೆ ಬೀಳದಿರುವುದು, ಕವನಕ್ಕೆ ಸಂಬಂಧವಿಲ್ಲದ ಸ್ವಂತ ನೆನಪುಗಳು ನುಗ್ಗುವುದು, ಸಿದ್ಧಪ್ರತಿಕ್ರಿಯೆ, ಭಾವದ ಅತಿರೇಕ, ಭಾವದ ಬಿಗಿತ, ಮತ-ಸಿದ್ಧಾಂತಗಳ ಹಟ ಮೊದಲಾದುವು ಆ ಪಟ್ಟಿಯಲ್ಲಿವೆ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳುಂಟೆಂದು ಎಣಿಸಿದ್ದನ್ನು ಬಲ್ಲ ನಮಗೆ ಈ ಪಟ್ಟಿ ತೀರ ಪರಕೀಯವಾಗಿ ಕಾಣಬೇಕಾದುದಿಲ್ಲ. ತನ್ನ ಸುಖದುಃಖಗಳಲ್ಲೇ ಮುಳುಗಿದವನಿಗೆ ರಸ ದಕ್ಕದೆಂಬ ಮಾತು ಎರಡೂ ಕಡೆ ಇದೆ. ಅಭಿನವಗುಪ್ತನು ಸಹೃದಯನ ಲಕ್ಷಣವನ್ನು ಹೇಳಿದ. ರಿಚರ್ಡ್ಸ್ ಸಾಮಾನ್ಯ ವಿದ್ಯಾರ್ಥಿಯ ಉತ್ತರವನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿದರು.

ಇಷ್ಟೊಂದು ತಪ್ಪುಗಳನ್ನು ಕಂಡ ಅಧ್ಯಾಪಕರು ವಿದ್ಯಾರ್ಥಿಗಳನ್ನು ಹೀಯಾಳಿಸಬಹುದಿತ್ತು. ರಿಚರ್ಡ್ಸ್ ಹಾಗೆ ಮಾಡಲಿಲ್ಲ. ಇದು ದಡ್ಡರ ಕೂಟವೆಂದು ಭಾವಿಸಿದವರು ತಾವೇ ಮೊದಲು ಈ ಪರೀಕ್ಷೆಗೆ ಕೂಡಬೇಕೆಂಬುದು ಅವರ ನಿಲುವು. ಹೆಸರು ಕಂಡು ಹೊಗಳುವುದನ್ನು, ಹಿರಿಯರ ಅಭಿಪ್ರಾಯವನ್ನು ಒಪ್ಪಿಸುವುದನ್ನು ಶಾಲೆಗಳು ಕಲಿಸಿದ್ದವು, ಓದುವುದನ್ನು ಕಲಿಸಿರಲಿಲ್ಲ. ತಪ್ಪು ಕಲಿಸಿದವರದು, ಕಲಿತವರದಲ್ಲ ಎಂದು ಅವರು ತಿಳಿದರು. ಅಧ್ಯಾಪಕ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆ ಬೇರೆ ಇದೆಯೆ?

ಈ ಶಿಕ್ಷಣ ಫಲಕೊಡಲು ತಡವಾಗಲಿಲ್ಲ. ವಿಲಿಯಂ ಎಂಪ್ಸನ್ ಎಂಬ ಗಣಿತದ ವಿದ್ಯಾರ್ಥಿ ೧೯೨೮ರಲ್ಲಿ ಇಂಗ್ಲಿಷಿಗೆ ಬಂದು ರಿಚರ್ಡ್ಸ್‌ರ ಶಿಷ್ಯನಾದ. ಒಂದು ದಿನ ಷೇಕ್ಸ್‌ಪಿಯರನ ಒಂದು ಸುನೀತದಿಂದ ಅರ್ಥದ ಮೇಲೆ ಅರ್ಥವನ್ನು ತೆಗೆಯುತ್ತ ಹೋದ. ಯಾವ ಕವನದಿಂದಲಾದರೂ ಹೀಗೆ ತೆಗೆಯಬಹುದೆಂದು ಪಂಥ ಹೂಡುವವನಂತೆ ಮಾತನಾಡಿದಾಗ, ಹೋಗಿ ಅದನ್ನೇ ಬರೆದು ತರುವಂತೆ ಗುರುಗಳು ಹೇಳಿ ಕಳುಹಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಎಂಪ್ಸನ್ ಸುಮಾರು ೩೦,೦೦೦ ಪದಗಳ ಹಸ್ತಪ್ರತಿಯೊಂದಿಗೆ ಹಿಂದಿರುಗಿದ. ಅದೇ ಬೆಳೆದು ೧೯೩೦ರಲ್ಲಿ ‘ಸೆವೆನ್ ಟೈಪ್ಸ್ ಆಫ್ ಆಂಬಿಗ್ವಿಟಿ’ ಆಯಿತು. ಆಗ ಅವನಿಗೆ ವಯಸ್ಸು ೨೪. ರಿಚರ್ಡ್ಸ್‌ರ ಉಪನ್ಯಾಸಗಳಿಗೆ ಬಂದು ಕುಳಿತವರಲ್ಲಿ ಎಫ್. ಆರ್. ಲೀವಿಸ್ ಎಂಬ ತರುಣ ಅಧ್ಯಾಪಕರೂ ಇದ್ದರು. ಮುಂದೆ ಅದೇ ಲೀವಿಸ್‌ರ ಬಳಿ ಓದಿ ಬಂದ ಸಿ. ಡಿ. ನರಸಿಂಹಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದರು. ಹೀಗೆ ಕ್ಯಾಮ್ ನದಿಯ ದಡದ ಆ ಓದಿನ ರೀತಿ ಕನ್ನಡನಾಡಿನ ತರಗತಿಗಳಿಗೂ ಹರಿದುಬಂದಿತು.

ಈ ಮಾರ್ಗಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಕವಿಯನ್ನೂ ಕಾಲವನ್ನೂ ಮರೆಮಾಡಿ ಓದಿದರೆ ಕವನ ಬೇರು ಕಿತ್ತ ಗಿಡವಾಗದೆ? ಅಂತ್ಯದಿನದ ತೀರ್ಪಿನಲ್ಲಿ ಕ್ರೈಸ್ತರಿಗಿರುವ ನಂಬಿಕೆಯನ್ನು ಅರಿಯದವನು ಡನ್ನನ ಸುನೀತವನ್ನು, ಶರಣರ ಬಾಳನ್ನು ಅರಿಯದವನು ವಚನವನ್ನು ಪೂರ್ಣವಾಗಿ ಓದಬಲ್ಲನೆ? ಈ ಪ್ರಶ್ನೆಗಳಲ್ಲಿ ಸತ್ಯವಿದೆ. ಹೆಸರನ್ನು ಮರೆಮಾಡಿದ್ದು ಒಂದು ಪರೀಕ್ಷೆಯ ಸಲುವಾಗಿ. ಅದನ್ನೇ ಓದಿನ ಏಕೈಕ ಧರ್ಮವನ್ನಾಗಿ ಮಾಡಿದರೆ ಔಷಧವನ್ನೇ ಊಟವಾಗಿ ಉಂಡಂತಾದೀತು.

ಗ್ರಂಥ ಪ್ರಕಟವಾದ ವರ್ಷವೇ ರಿಚರ್ಡ್ಸ್ ಚೀನಾ ದೇಶಕ್ಕೆ ತೆರಳಿ, ಪೀಕಿಂಗಿನ ತ್ಸಿಂಗ್‌ಹ್ವಾ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಅಲ್ಲಿ ಹಾರ್ಡಿಯ ‘ಟೆಸ್’ ಕಾದಂಬರಿಯ ಕೊನೆಯನ್ನು, ನಾಯಕಿಯನ್ನು ಗಲ್ಲಿಗೇರಿಸಿದುದರ ಗುರುತಾಗಿ ಕಪ್ಪು ಬಾವುಟ ಏರುವ ಭಾಗವನ್ನು, ಓದಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು! ವಿಚಾರಿಸಿದಾಗ ತಿಳಿದದ್ದಿಷ್ಟು: ಕಥೆಯ ಆರಂಭದಲ್ಲಿ ಆ ಹುಡುಗಿ ತಂದೆಗೆ ತಕ್ಕ ಗೌರವ ತೋರಿಸಿರಲಿಲ್ಲ, ಅವಳಿಗೆ ತಕ್ಕ ಶಾಸ್ತಿಯಾಯಿತೆಂದು ಅವರಿಗೆ ಸಂತೋಷ. ವಾಚ್ಯಾರ್ಥ ಎಲ್ಲರಿಗೂ ತಿಳಿದಿತ್ತು. ಅದರಾಚೆಗಿನ ಅರ್ಥ ಒಂದು ನಾಡಿನಿಂದ ಇನ್ನೊಂದು ನಾಡಿಗೆ ಬರುವಷ್ಟರಲ್ಲಿ ಮಗುಚಿಹೋಗಿತ್ತು. ಒಂದು ತರಗತಿಯಲ್ಲಿ ಕವನವನ್ನು ತಪ್ಪಾಗಿ ಓದಿದರೆ ಹೆಚ್ಚೆಂದರೆ ಅಂಕ ಹೋದೀತು. ಒಂದು ಜನಾಂಗ ಇನ್ನೊಂದನ್ನು ತಪ್ಪಾಗಿ ಓದಿದರೆ?

ಈ ಚಿಂತೆಯೇ ಅವರ ಉಳಿದ ಬಾಳಿನ ದಿಕ್ಕನ್ನು ಬದಲಿಸಿತು. ೧೯೩೨ರಲ್ಲಿ ಚೀನಾದ ಪ್ರಾಚೀನ ದಾರ್ಶನಿಕ ಮೆನ್ಷಿಯಸನನ್ನು ಕುರಿತು ಗ್ರಂಥ ಬರೆದರು. ಗೆಳೆಯ ಆಗ್ಡನ್ ೮೫೦ ಪದಗಳಲ್ಲಿ ಅಳವಡಿಸಿದ ಬೇಸಿಕ್ ಇಂಗ್ಲಿಷನ್ನು ಚೀನಾದ ಶಾಲೆಗಳಲ್ಲಿ ನೆಲೆಗೊಳಿಸಲು ದುಡಿದರು. ಕೆಲಸ ಕೈಗೂಡುವ ಹೊತ್ತಿಗೆ, ೧೯೩೭ರಲ್ಲಿ, ಜಪಾನಿನ ದಾಳಿ ಅದನ್ನು ಹಾಳುಗೆಡವಿತು. ೧೯೩೯ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ ೧೯೬೩ರವರೆಗೆ ಅಲ್ಲಿದ್ದರು. ಪಂಡಿತರು ಅವರಿಂದ ಇನ್ನೊಂದು ವಿಮರ್ಶಾಗ್ರಂಥವನ್ನು ನಿರೀಕ್ಷಿಸುತ್ತಿದ್ದಾಗ ಅವರು ಹೊಸದಾಗಿ ಭಾಷೆ ಕಲಿಯುವವರಿಗೆ ಚಿತ್ರಸಹಿತ ಪಾಠಗಳನ್ನು ಬರೆಯುತ್ತಿದ್ದರು. ಪ್ಲೇಟೊವಿನ ‘ರಿಪಬ್ಲಿಕ್’ ಅನ್ನು ಸರಳ ಇಂಗ್ಲಿಷಿಗೆ ಇಳಿಸುತ್ತಿದ್ದರು. ತಮ್ಮ ಮೊದಲನೆಯ ಕವನಸಂಗ್ರಹವನ್ನು ಪ್ರಕಟಿಸಿದ್ದು ೧೯೫೮ರಲ್ಲಿ, ೬೫ನೆಯ ವಯಸ್ಸಿನಲ್ಲಿ. ಅಷ್ಟು ಕಾಲ ಇತರರ ಕವನಗಳನ್ನು ಪರೀಕ್ಷೆಗೆ ಒಡ್ಡಿದವರು ಕೊನೆಗೆ ತಮ್ಮವನ್ನೂ ಒಡ್ಡಿದರು.

೧೯೭೪ರಲ್ಲಿ ಅವರು ಕೇಂಬ್ರಿಜಿಗೆ ಮರಳಿದರು. ೧೯೭೯ರಲ್ಲಿ, ೮೬ ವರ್ಷದ ವೃದ್ಧಾಪ್ಯದಲ್ಲಿ, ಚೀನಾದಿಂದ ಮತ್ತೆ ಕರೆ ಬಂದಾಗ ಹೊರಟೇಬಿಟ್ಟರು. ಊರಿಂದೂರಿಗೆ ಹೋಗಿ ಉಪನ್ಯಾಸ ಮಾಡುತ್ತಿದ್ದಾಗಲೇ ಕಾಯಿಲೆಬಿದ್ದರು. ಸ್ವದೇಶಕ್ಕೆ ಕರೆತಂದರೂ ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ ೭ರಂದು ಕೇಂಬ್ರಿಜಿನಲ್ಲಿ ಕಣ್ಣುಮುಚ್ಚಿದರು.

ರಿಚರ್ಡ್ಸ್ ನಮಗೆ ಬಿಟ್ಟುಹೋಗಿರುವುದು ಯಾವುದೋ ಒಂದು ಕವನದ ಸರಿಯಾದ ಅರ್ಥವನ್ನಲ್ಲ. ಮುಂದಿರುವ ಮಾತನ್ನು ತಾಳ್ಮೆಯಿಂದ ಇನ್ನೊಮ್ಮೆ ಓದು, ನಿನಗೆ ಅನಿಸಿದ್ದು ಆ ಮಾತಿನಿಂದ ಬಂದದ್ದೋ ನಿನ್ನಿಂದಲೇ ಬಂದದ್ದೋ ಎಂದು ಕೇಳಿಕೊ ಎಂಬ ಒಂದು ಅಭ್ಯಾಸವನ್ನು. ಪರೀಕ್ಷೆ ಮುಗಿದ ಮೇಲೆ ನಾವು ಕವನಗಳನ್ನು ಓದುತ್ತೇವೆಯೋ ಇಲ್ಲವೋ. ಪತ್ರಿಕೆಯನ್ನು, ಭಾಷಣವನ್ನು, ನೆರೆಯವನ ಮುಖವನ್ನು ಓದಲೇಬೇಕಲ್ಲವೆ? ಅಲ್ಲಿಯೂ ಹೆಸರು ನೋಡಿ ತೀರ್ಪು ಕೊಡದ ವಿದ್ಯಾರ್ಥಿ ಒಬ್ಬನಿದ್ದರೆ, ಆ ಗುರುವಿನ ತರಗತಿ ಇನ್ನೂ ನಡೆಯುತ್ತಿದೆಯೆಂದೇ ತಿಳಿಯಬೇಕು.