ಸರ್ ರೊನಾಲ್ಡ್ ರಾಸ್ (1857–1932): ಬೆಂಗಳೂರು ದಂಡಿನಲ್ಲಿದ್ದ ಮಲೇರಿಯಾ ವಿಜ್ಞಾನಿ

ಜನನ ಮತ್ತು ವಿದ್ಯಾಭ್ಯಾಸ
ಮಲೇರಿಯಾ ರೋಗವು ಸೊಳ್ಳೆಗಳಿಂದ ಹರಡುತ್ತದೆಂದು ಸಾಧಿಸಿದ ರೊನಾಲ್ಡ್ ರಾಸ್ ಅವರು 1857ರ ಮೇ 13ರಂದು ಅಲ್ಮೋರಾದಲ್ಲಿ ಜನಿಸಿದರು. ಲಂಡನ್ನಿನಲ್ಲಿ ವೈದ್ಯಕೀಯ ಶಿಕ್ಷಣ ಮುಗಿಸಿ 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

ಬೆಂಗಳೂರಿನಲ್ಲಿ
1883ರಲ್ಲಿ ಅವರು ಬೆಂಗಳೂರು ದಂಡಿನಲ್ಲಿ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿ ನೇಮಕಗೊಂಡರು. ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿಗಳು ತುಂಬಿರುವುದನ್ನು ಕಂಡು ಆ ನೀರನ್ನು ಚೆಲ್ಲಿಸಿದರು. ಸೊಳ್ಳೆಗಳು ಬಹುಮಟ್ಟಿಗೆ ಕಡಿಮೆಯಾದವು. ಇದೇ ಕ್ರಮವನ್ನು ಅಧಿಕಾರಿಗಳ ಭೋಜನಶಾಲೆಯಲ್ಲಿಯೂ ಅನುಸರಿಸಲು ಅವರು ಮಾಡಿದ ಸಲಹೆಯನ್ನು ಸೇನಾಧಿಕಾರಿಯೊಬ್ಬರು ಒಪ್ಪಲಿಲ್ಲ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ಸಂಬಂಧವು ಆಗಿನ್ನೂ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ.

ಸಂಶೋಧನೆ
1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಮಾರ್ಗದರ್ಶನ ದೊರೆತ ನಂತರ, 1895ರಲ್ಲಿ ಸಿಕಂದರಾಬಾದಿನಲ್ಲಿ ಪ್ರಯೋಗಗಳನ್ನು ಪ್ರಾರಂಭಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಲರಾ ನಿಯಂತ್ರಣ ಕಾರ್ಯಕ್ಕಾಗಿ ಅವರನ್ನು ಬೆಂಗಳೂರಿಗೆ ಕಳುಹಿಸಲಾಯಿತು. ಮಲೇರಿಯಾ ಸಂಶೋಧನೆಗೆ ಅಡಚಣೆಯಾಯಿತು. 1897ರಲ್ಲಿ ಊಟಿಯ ಸಮೀಪದ ಸಿಗೂರು ಘಾಟಿಗೆ ಹೋಗಿದ್ದಾಗ ಅವರಿಗೇ ಮಲೇರಿಯಾ ತಗುಲಿತು.

ಗುಣಮುಖರಾಗಿ ಸಿಕಂದರಾಬಾದಿಗೆ ಮರಳಿದ ಅವರು, ಹುಸೇನ್ ಖಾನ್ ಎಂಬ ರೋಗಿಯ ರಕ್ತ ಹೀರಿದ್ದ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯು ಬೆಳೆಯುತ್ತಿರುವುದು ಕಂಡುಬಂದಿತು. ಕೆಲವೇ ದಿನಗಳಲ್ಲಿ ಅವರನ್ನು ರಾಜಪುತಾನಕ್ಕೆ ವರ್ಗಾಯಿಸಿದ್ದರಿಂದ ಕೆಲಸವು ಪುನಃ ಸ್ಥಗಿತಗೊಂಡಿತು. 1898ರಲ್ಲಿ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾವು ಸೊಳ್ಳೆಯ ಜೊಲ್ಲುಗ್ರಂಥಿಯ ಮೂಲಕ ಹರಡುವುದನ್ನು ಪೂರ್ಣವಾಗಿ ತೋರಿಸಿದರು. ಮನುಷ್ಯರಲ್ಲಿ ಹರಡುವ ಕ್ರಮವನ್ನು ಅದೇ ವರ್ಷ ಇಟಲಿಯ ವಿಜ್ಞಾನಿಗಳು ದೃಢಪಡಿಸಿದರು.

ನಿಯಂತ್ರಣ ಕಾರ್ಯ
1899ರಲ್ಲಿ ಸೇವೆಯಿಂದ ನಿವೃತ್ತರಾದ ರಾಸ್ ಅವರು ಲಿವರ್‌ಪೂಲ್ ಉಷ್ಣವಲಯ ವೈದ್ಯಕೀಯ ಶಾಲೆಯನ್ನು ಸೇರಿ, ಸಿಯೆರಾ ಲಿಯೋನ್ ಹಾಗೂ ಈಜಿಪ್ಟಿನ ಇಸ್ಮಾಯಿಲಿಯಾದಲ್ಲಿ ಸೊಳ್ಳೆ ನಿಯಂತ್ರಣ ಕಾರ್ಯಕ್ಕೆ ಮಾರ್ಗದರ್ಶನ ನೀಡಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು. ಎಲ್ಲ ಸೊಳ್ಳೆಗಳನ್ನೂ ನಾಶಪಡಿಸಬೇಕಾಗಿಲ್ಲ, ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗವು ತಾನಾಗಿಯೇ ಕ್ಷೀಣಿಸುತ್ತದೆಂದು ಗಣಿತದ ಮೂಲಕ ನಿರೂಪಿಸಿದ್ದು ಅವರ ಮತ್ತೊಂದು ಪ್ರಮುಖ ಕೊಡುಗೆಯಾಗಿದೆ. ಅವರು 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು. ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ಆಚರಿಸಲಾಗುತ್ತಿದೆ.

ಸಾರ್ವಜನಿಕರ ಗಮನಕ್ಕೆ
ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯು ಬಾವಿ, ಸಂಪು, ಮೇಲ್ತೊಟ್ಟಿ ಮತ್ತು ಡ್ರಮ್ಮುಗಳ ಶುದ್ಧ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನಗಳು ಸಾಕು. ಆದುದರಿಂದ ರಾಮಮೂರ್ತಿ ನಗರ ಮೊದಲಾದ ಬಡಾವಣೆಗಳ ನಿವಾಸಿಗಳು ನೀರಿನ ತೊಟ್ಟಿಗಳನ್ನು ಭದ್ರವಾಗಿ ಮುಚ್ಚಿಡುವುದು, ಡ್ರಮ್ಮುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ಒಣಗಿಸುವುದು, ಲಾರ್ವಾ ಸಮೀಕ್ಷೆಗೆ ಬರುವ ಸಿಬ್ಬಂದಿಗೆ ಸಹಕರಿಸುವುದು ಹಾಗೂ ಜ್ವರ ಬಂದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯಕ. 1883ರಲ್ಲಿ ಇದೇ ಊರಿನ ಬಂಗಲೆಯೊಂದರಲ್ಲಿ ಫಲ ನೀಡಿದ ಕ್ರಮವು ಇಂದಿಗೂ ಪ್ರತಿ ಮನೆಯಲ್ಲಿ ಖರ್ಚಿಲ್ಲದೆ ಅನುಸರಿಸಬಹುದಾದುದಾಗಿದೆ.